"ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶ ಸತ್ತಿತು" ಅಂದರೆ ಏನು ನೋಡಬೇಕು?

ಮನೆಯಲ್ಲಿ ಯಾರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾದ ವಾರವೇ ವಾಟ್ಸಾಪಿನಲ್ಲಿ ಶುರುವಾಗುತ್ತದೆ. ಅರಿಶಿನದ ಕರ್ಕ್ಯುಮಿನ್ ಮಾತ್ರೆ ಕ್ಯಾನ್ಸರ್ ಕೋಶಗಳನ್ನು ಕೊಂದಿತಂತೆ, ಲ್ಯಾಬಿನಲ್ಲಿ ಸಾಬೀತಾಗಿದೆಯಂತೆ, ಎರಡು ಡಬ್ಬಿ ತರಿಸಿಬಿಡಿ! ಸುದ್ದಿ ಪೂರ್ತಿ ಸುಳ್ಳಲ್ಲ. ಆದರೂ ದುಡ್ಡು ಕೊಡುವ ಮೊದಲು ಮೂಲ ಲೇಖನವನ್ನು ಒಮ್ಮೆ ತೆರೆದು ನೋಡಿ.

ಮೊದಲು ಯಾವ ಕೋಶ ಅಂತ ಹುಡುಕಿ. ಸಾಮಾನ್ಯವಾಗಿ ಪಿಸಿ-3, ಡಿಯು145, ಎಲ್‌ಎನ್‌ಕ್ಯಾಪ್ ಅಂತಿರುತ್ತದೆ. ಇವೆಲ್ಲ ದಶಕಗಳ ಹಿಂದೆ ರೋಗಿಗಳಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸುತ್ತಾ ಬಂದ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು. ಪಿಸಿ-3 ಮೂಳೆಗೆ ಹರಡಿದ್ದ ಗಡ್ಡೆಯದು, ಡಿಯು145 ಮಿದುಳಿಗೆ ಹರಡಿದ್ದರದು. ಎಲ್‌ಎನ್‌ಕ್ಯಾಪ್ ಗಂಡು ಹಾರ್ಮೋನಿಗೆ ಸ್ಪಂದಿಸುತ್ತದೆ, ಉಳಿದೆರಡು ಇಲ್ಲ. ಒಂದರಲ್ಲಿ ಸತ್ತದ್ದು ಇನ್ನೊಂದರಲ್ಲಿ ಸಾಯಬೇಕೆಂದಿಲ್ಲ.

ಆಮೇಲೆ ಪ್ರಮಾಣ. ಅಸಲಿ ವಿಷಯ ಇಲ್ಲೇ ಇರೋದು. ಲ್ಯಾಬಿನಲ್ಲಿ ಕೋಶ ಬೆಳೆಸುವ ತಟ್ಟೆಯಲ್ಲಿ ಕರ್ಕ್ಯುಮಿನ್ ಸುರಿಯುವುದು ಹೆಚ್ಚಾಗಿ 10ರಿಂದ 50 ಮೈಕ್ರೋಮೋಲಾರ್ (ದ್ರವದಲ್ಲಿ ಎಷ್ಟು ಬೆರೆತಿದೆ ಅನ್ನುವ ಅಳತೆ). ಒಂದು ಪ್ರಯೋಗದಲ್ಲಿ ದಿನಕ್ಕೆ 8 ಗ್ರಾಂ ನುಂಗಿದವರ ರಕ್ತದಲ್ಲೂ ಸರಾಸರಿ 2 ಮೈಕ್ರೋಮೋಲಾರ್‌ಗಿಂತ ಕಡಿಮೆಯೇ ಸಿಕ್ಕಿತು, ಯಾಕೆಂದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಹೀರಿದ್ದನ್ನೂ ಪಿತ್ತಜನಕಾಂಗ ಬೇಗ ಬದಲಾಯಿಸಿಬಿಡುತ್ತದೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು ಮೂರು ಭಾಗ. ಆ 8 ಗ್ರಾಂ ಬೇಕೆಂದರೆ ದಿನಾ ಕಾಲು ಕೆಜಿಗೂ ಜಾಸ್ತಿ ಪುಡಿ ತಿನ್ನಬೇಕು! ಸಾರಿಗೆ ಹಾಕೋ ಚಿಟಿಕೆ ಯಾವ ಲೆಕ್ಕ?

ಆರೋಗ್ಯವಂತ ಕೋಶಗಳ ಮೇಲೂ ಪರೀಕ್ಷಿಸಿದ್ದಾರಾ? ಅದನ್ನೂ ನೋಡಿ. ತಟ್ಟೆಗೆ ಉಪ್ಪು ಜಾಸ್ತಿಯಾದರೂ ಕೋಶ ಸಾಯುತ್ತದೆ, ಅಲ್ವಾ?

ಮನುಷ್ಯರ ಮೇಲೆ ಏನಾಯಿತು ಅಂತ ಬೇರೆಯಾಗಿ ಹುಡುಕಿ. ವಿಟಮಿನ್ ಇ ಮತ್ತು ಸೆಲೆನಿಯಂ ಎಂಬ ಖನಿಜ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತವೆ ಅಂತಲೂ ಹೀಗೇ ಆಸೆ ಇತ್ತು. ಅದನ್ನು ಪರೀಕ್ಷಿಸಲು 2001ರಲ್ಲಿ ಶುರುವಾದ ಸೆಲೆಕ್ಟ್ ಎಂಬ ಪ್ರಯೋಗದಲ್ಲಿ 35,000ಕ್ಕೂ ಹೆಚ್ಚು ಗಂಡಸರಿದ್ದರು. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು, 2011ರಲ್ಲಿ ನೋಡಿದರೆ ಬರೀ ವಿಟಮಿನ್ ಇ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17 ಜಾಸ್ತಿ.

ಡಬ್ಬಿಯೊಳಗೆ ಇರೋದೇನು ಅನ್ನೋದು ಇನ್ನೊಂದು ತಲೆನೋವು. ಅಮೆರಿಕದಲ್ಲಿ ಪಿಸಿ-ಸ್ಪೆಸ್ ಅಂತ ಗಿಡಮೂಲಿಕೆ ಮಾತ್ರೆ ಬರುತ್ತಿತ್ತು. ತಟ್ಟೆಯಲ್ಲೂ ಕೆಲಸ ಮಾಡಿತು, ರೋಗಿಗಳ ಪಿಎಸ್‌ಎಯೂ (ಪ್ರಾಸ್ಟೇಟ್ ಕ್ಯಾನ್ಸರ್ ಮೇಲೆ ಕಣ್ಣಿಡಲು ರಕ್ತದಲ್ಲಿ ಅಳೆಯುವ ಪ್ರೋಟೀನ್) ಇಳಿಯಿತು. ಪರೀಕ್ಷೆ ಮಾಡಿದರೆ ಒಳಗೆ ಕೃತಕ ಹೆಣ್ಣು ಹಾರ್ಮೋನು, ರಕ್ತ ತೆಳು ಮಾಡುವ ವಾರ್ಫರಿನ್! 2002ರಲ್ಲಿ ಅಂಗಡಿಗಳಿಂದ ವಾಪಸ್ ಹೋಯಿತು.

ಈಗಾಗಲೇ ಕೊಂಡುಬಿಟ್ಟಿದ್ದೀರಾ? ಮುಚ್ಚಿಡಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಆಪರೇಷನ್ ದಿನ ಗೊತ್ತಾಗಿದ್ದರೆ, ಇಲ್ಲವೇ ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದ್ದರೆ, ಅಲ್ಲಿಯವರೆಗೂ ಕಾಯದೆ ಇವತ್ತೇ ಫೋನ್ ಮಾಡಿ ಕೇಳಿ.