ತಲೆಯಡಿ ಒಂದು ಬೆಡ್‌ಶೀಟು

ಆಪರೇಷನ್ನಿಗೆ ಪ್ರಜ್ಞೆ ತಪ್ಪಿಸಿದವರಿಗೆ ಉಸಿರಾಡಿಸಲು ಬಾಯಿಂದ ಶ್ವಾಸನಾಳಕ್ಕೆ ಒಂದು ಟ್ಯೂಬು ಇಳಿಸಬೇಕು. ಅರಿವಳಿಕೆಯ ಸ್ನಾತಕೋತ್ತರ ಓದಿಗೆ ಸೇರಿದ ಹೊಸತರಲ್ಲಿ ನಾನು ಹಾಕಿದ್ದು ಹೆಚ್ಚಾಗಿ ಅನ್ನನಾಳಕ್ಕೇ ಹೋಗುತ್ತಿತ್ತು. ಅನಾಟಮಿಯಲ್ಲಿ ಒಳ್ಳೇ ಅಂಕ ತೆಗೆದವನು ನಾನು, ಮೂಗಿನ ಹೊಳ್ಳೆಯಿಂದ ಧ್ವನಿಪೆಟ್ಟಿಗೆವರೆಗೆ ಕಣ್ಮುಚ್ಚಿ ಚಿತ್ರ ಬಿಡಿಸಬಲ್ಲೆ. ಗಂಟಲು ನೋಡಲು ಬ್ಲೇಡಿರುವ ಲಾರಿಂಗೋಸ್ಕೋಪ್ ಹಿಡಿದು ಬಾಯೊಳಗೆ ಇಣುಕಿದರೆ ಮಾತ್ರ ಬರೀ ಒದ್ದೆ ಮಾಂಸ. ಚಿತ್ರದಲ್ಲಿ ಗಂಟಲು ಸದಾ ತೆರೆದಿರುತ್ತದಲ್ಲ! ಸ್ನಾಯು ಸಡಿಲಿಸುವ ಮದ್ದು ಕೊಟ್ಟು ಅಂಗಾತ ಮಲಗಿಸಿದವರ ಗಂಟಲು ಗಾಳಿ ಹೋದ ಚೀಲ. ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ, ಮೃದು ಅಂಗುಳ ಹಿಂಗೋಡೆಗೆ ಅಂಟುತ್ತದೆ, ಧ್ವನಿಪೆಟ್ಟಿಗೆಯ ಮುಚ್ಚಳವಾದ ಎಪಿಗ್ಲಾಟಿಸ್ ಜೋಲು ಬೀಳುತ್ತದೆ. ಗೊರಕೆ ಹೊಡೆಯುವವರಿಗೆ ರಾತ್ರಿಯೆಲ್ಲ ಆಗುವುದು ಇದರದೇ ಅರೆಪಾಲು.

ಕಾಣದಿದ್ದಾಗ ಮಣಿಕಟ್ಟು ತಿರುಗಿಸಿ ಮೀಟುತ್ತಿದ್ದೆ. ಒಂದು ದಿನ ಬ್ಲೇಡು ಮೇಲಿನ ಹಲ್ಲಿಗೆ ತಾಗಿ 'ಟಕ್' ಎಂದಿತು. ಹಲ್ಲು ಉಳಿಯಿತು, ನನ್ನ ಬೆವರು ಇಳಿಯಿತು. ಸೀನಿಯರ್ ಬೈಯಲಿಲ್ಲ. ಬೆಡ್‌ಶೀಟೊಂದನ್ನು ದಪ್ಪಗೆ ಮಡಿಸಿ ರೋಗಿಯ ತಲೆಯಡಿ ಇಟ್ಟು, "ಈಗ ನೋಡು" ಅಂದರು.

ಕುತ್ತಿಗೆ ಮುಂದಕ್ಕೆ ಬಂದು ಮುಖ ತುಸು ಮೇಲಕ್ಕೆದ್ದಿತ್ತು, ಯಾರೋ ಮಲ್ಲಿಗೆ ಮೂಸಲು ಬಾಗಿದ ಹಾಗೆ. ಬ್ಲೇಡನ್ನು ಬಾಯಿಯ ಬಲಮೂಲೆಯಿಂದ ಇಳಿಸಿ, ನಾಲಿಗೆಯನ್ನು ಎಡಕ್ಕೆ ಸರಿಸಿ, ನಾಲಿಗೆ ಬುಡಕ್ಕೂ ಎಪಿಗ್ಲಾಟಿಸ್‌ಗೂ ನಡುವಿನ ಕುಳಿಯಲ್ಲಿ ತುದಿ ಊರಿದೆ. ಮೀಟದೆ, ಹಿಡಿಕೆ ಚಾಚಿದ ದಿಕ್ಕಿಗೇ ಎತ್ತಿದೆ. ಅಲ್ಲಿನ ಅಸ್ಥಿರಜ್ಜು ಬಿಗಿದು ಎಪಿಗ್ಲಾಟಿಸ್ ತಾನೇ ಎದ್ದಿತು. ಹಿಂದೆ ಎರಡು ಬಿಳಿ ಧ್ವನಿತಂತುಗಳು, ನಡುವೆ ಶ್ವಾಸನಾಳದ ಕತ್ತಲೆ. ಇಷ್ಟು ದಿನ ಕೈಯ ದೋಷ ಅಂದುಕೊಂಡಿದ್ದೆ. ದೋಷ ತಲೆಯಡಿ ಇತ್ತು!

ಈಗಲೂ ಟ್ಯೂಬಿಗಿಂತ ಮೊದಲು ದಿಂಬು ಹುಡುಕುತ್ತೇನೆ. ದಪ್ಪ ಮೈಯವರಾದರೆ ಬೆನ್ನಿನಿಂದಲೇ ಏರಿಸುತ್ತ ಬಂದು, ಕಿವಿಯ ತೂತು ಎದೆಮೂಳೆಯ ಮೇಲ್ತುದಿಯ ಮಟ್ಟಕ್ಕೆ ಬರುವವರೆಗೆ ಬಿಡುವುದಿಲ್ಲ. ಹಸುಗೂಸುಗಳಿಗೆ ಲೆಕ್ಕವೇ ತಿರುಗುಮುರುಗು. ಹಿಂದಲೆ ದೊಡ್ಡದಾದ್ದರಿಂದ ಅದೇ ಕುತ್ತಿಗೆಯನ್ನು ಬಾಗಿಸಿಬಿಡುತ್ತದೆ, ಬಟ್ಟೆಯ ಸುರುಳಿ ಹೆಗಲ ಕೆಳಗೆ ಬೇಕು.

ಟ್ಯೂಬು ಹಾಕುವುದು ಕಷ್ಟವಾದೀತೇ ಎಂದು ಅಂದಾಜಿಸಲು ಆಪರೇಷನ್ನಿನ ಹಿಂದಿನ ದಿನ ರೋಗಿಯನ್ನು ಕೂರಿಸಿ, ಬಾಯಿ ಅಗಲಿಸಿ ನಾಲಿಗೆ ಚಾಚಿಸುತ್ತೇನೆ. ಕಿರುನಾಲಿಗೆ ಎಷ್ಟು ಕಾಣುತ್ತದೆ ಅನ್ನುವ ಈ ಪರೀಕ್ಷೆಯನ್ನು 1985ರಲ್ಲಿ ಪ್ರಕಟಿಸಿದವರು ಶೇಷಗಿರಿ ರಾವ್ ಮಲ್ಲಂಪಾಟಿ, ಅಮೆರಿಕದಲ್ಲಿ ನೆಲೆಸಿದ ತೆಲುಗಿನವರು. ಅದೊಂದನ್ನೇ ನಂಬಿ ನಾನು ಕೆಟ್ಟಿದ್ದೇನೆ. ಕುತ್ತಿಗೆ ಹಿಂದಕ್ಕೆ ಬಾಗುತ್ತದೆಯೇ, ಕೆಳದವಡೆ ಮುಂದೆ ಬರುತ್ತದೆಯೇ ಅನ್ನುವುದನ್ನೂ ನೋಡಲೇಬೇಕು.

ಮದ್ದು ಕೊಡುವ ಮುಂಚೆ ಮೂರು ನಿಮಿಷ ಆಕ್ಸಿಜನ್. ಆಮೇಲೆ ಹೆಂಗಸರಿಗೆ 7, ಗಂಡಸರಿಗೆ 8 ಮಿ.ಮೀ. ಒಳ ಅಗಲದ ಟ್ಯೂಬು, ಹಲ್ಲಿನ ಬಳಿ ಹೆಂಗಸರಿಗೆ ಸುಮಾರು 21, ಗಂಡಸರಿಗೆ 23 ಸೆಂ.ಮೀ. ಗುರುತು. ಎದೆ ಏರಿಳಿದದ್ದನ್ನು ಕಂಡು ಟ್ಯೂಬು ಶ್ವಾಸನಾಳದಲ್ಲೇ ಇದೆಯೆಂದು ನಾನು ಮೋಸಹೋದದ್ದುಂಟು. ಪರದೆಯ ಮೇಲೆ, ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಲೆ ಬಿಡದೆ ಬರುತ್ತಿದ್ದರೇ ಸಮಾಧಾನ.

ಅಷ್ಟಾದರೂ ಒಂದು ಕೆಲಸ ಉಳಿದಿರುತ್ತದೆ. ಉಸಿರನ್ನು ಬೆಚ್ಚಗೆ, ತೇವ ಮಾಡಿ ಕಳಿಸುತ್ತಿದ್ದ ಮೂಗನ್ನು ನಾವು ದಾಟಿಬಿಟ್ಟಿರುತ್ತೇವಲ್ಲ. ಆದ್ದರಿಂದ ಟ್ಯೂಬಿನ ಹೊರತುದಿಗೆ ಬೆಂಕಿಪೊಟ್ಟಣದಷ್ಟು ಒಂದು ಫಿಲ್ಟರ್ ಸಿಕ್ಕಿಸುತ್ತೇವೆ. ಹೊರಬರುವ ಉಸಿರಿನ ತೇವ ಹಿಡಿದಿಟ್ಟು ಒಳಹೋಗುವ ಉಸಿರಿಗೆ ಮರಳಿಸುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಅದಕ್ಕೆ ಕೃತಕ ಮೂಗು ಅನ್ನುತ್ತೇವೆ.