ಇಂಬಳದ ರಕ್ತದ ಕಲೆಗೆ ಹಂಡೆ ನೀರು ಹಾಕಬೇಡಿ

ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪದ ಕಡೆ ತೋಟಕ್ಕೆ ಹೋಗಿ ಬಂದವರ ಪ್ಯಾಂಟು ನೋಡಿ. ಪಾದದ ಹತ್ತಿರ ಇಂಬಳ (ಜಿಗಣೆ) ಕಚ್ಚಿದ ರಕ್ತ ಇಳಿದಿರುತ್ತದೆ. ಅದರ ಎಂಜಲಿಗೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಕಲೆಯೂ ದೊಡ್ಡದೇ. ಬಚ್ಚಲೊಲೆ ಹೇಗೂ ಉರಿಯುತ್ತಿರುತ್ತದಲ್ಲ, ಎಷ್ಟೋ ಮಂದಿ ಹಂಡೆಯ ಕುದಿನೀರು ಸುರಿದೇ ಬಿಡುತ್ತಾರೆ. ರಕ್ತದ ಪ್ರೋಟೀನು ಬೆಂದು ನೂಲಿಗೆ ಅಂಟಿಕೊಳ್ಳುತ್ತದೆ.

ಮೊದಲು ತಣ್ಣೀರಲ್ಲಿ ಜಾಲಿಸಿ.

ಆಮೇಲೆ ಬಟ್ಟೆ ಒಗೆಯುವ ಪುಡಿ. ಪ್ಯಾಕೆಟ್ ಹಿಂದೆ ‘ಎನ್‌ಜೈಮ್’ ಅಂತ ಇರಬೇಕು, ಅಂದರೆ ಕಲೆಯನ್ನು ಸಣ್ಣಗೆ ಕತ್ತರಿಸಿ ಬಿಡಿಸುವ ವಸ್ತು. ಸಂತೆಯಲ್ಲಿ ಕೆಜಿ ಲೆಕ್ಕದಲ್ಲಿ ಕೊಡುವ ಹೆಸರಿಲ್ಲದ ಪುಡಿ ಬೇಡವೇ ಬೇಡ. ಅದರಲ್ಲಿ ನೊರೆ ಬರುತ್ತದೆ, ಅಷ್ಟೇ.

ಎಲ್ಲರೂ ಎಡವುವುದು ನೆನೆಸುವಾಗ. ರಕ್ತ, ಹಾಲು, ಬೆವರಿನ ಕಲೆ ಕತ್ತರಿಸುವ ಎನ್‌ಜೈಮ್‌ಗೆ ಪ್ರೋಟಿಯೇಸ್ ಅಂತ ಹೆಸರು. ಅದೂ ಪ್ರೋಟೀನೇ. ಅದರ ಎಳೆ ಸರಿಯಾಗಿ ಮಡಚಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಬಿಸಿ ಜಾಸ್ತಿಯಾದರೆ ಮಡಿಕೆ ಬಿಚ್ಚಿಹೋಗುತ್ತದೆ. ಪುಡಿಯಲ್ಲಿ ನೊರೆ ಬರಿಸುವ ರಾಸಾಯನಿಕವೂ ಅದೇ ಕೆಲಸ ಮಾಡುತ್ತದೆ, ನಿಧಾನವಾಗಿ. ಇನ್ನೊಂದು ತೊಂದರೆ: ಮಡಿಕೆ ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ಗಡಸು ನೀರನ್ನು ಮೆದು ಮಾಡಲು ಪುಡಿಗೆ ಸೇರಿಸಿದ ವಸ್ತುಗಳು ಆ ಕ್ಯಾಲ್ಸಿಯಂನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಇದನ್ನೆಲ್ಲ ತಡೆದುಕೊಳ್ಳುವಂಥ ಎನ್‌ಜೈಮನ್ನೇ ಕಂಪನಿಯವರು ಆರಿಸಿ ಹಾಕುತ್ತಾರೆ, ನಿಜ. ಆದರೂ ತಡೆಯುವುದಕ್ಕೆ ಮಿತಿ ಇದೆ.

ಅದಕ್ಕೇ ಬಕೆಟ್‌ಗೆ 35ರಿಂದ 40 ಡಿಗ್ರಿ ನೀರು ಸಾಕು. ಕೈ ಇಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಪುಡಿ ಪ್ಯಾಕೆಟ್ ಮೇಲೆ ಹೇಳಿದಷ್ಟೇ. ಇನ್ನೊಂದು ಹಿಡಿ ಸುರಿದರೆ ಕಲೆ ಬೇಗ ಹೋಗುತ್ತದೆ ಅನ್ನುವುದು ಸುಮ್ನೆ. ಅರ್ಧದಿಂದ ಒಂದು ಗಂಟೆ ನೆನೆಸಿ. ರಾತ್ರಿಯಿಡೀ ಅದೇ ನೀರಲ್ಲಿ ಬಿಟ್ಟರೆ ಲಾಭ ಕಡಿಮೆ, ಯಾಕೆಂದರೆ ಪ್ರೋಟಿಯೇಸ್‌ಗಳು ಒಂದನ್ನೊಂದು ಕತ್ತರಿಸಿಕೊಳ್ಳುತ್ತವೆ. ಕಲೆ ಉಳಿದಿದ್ದರೆ ಹೊಸ ನೀರು, ಹೊಸ ಪುಡಿ. ಬ್ಲೀಚ್ ಜೊತೆಗೆ ಹಾಕಲೇಬೇಡಿ, ಎನ್‌ಜೈಮ್ ಸತ್ತೇಹೋಗುತ್ತದೆ. ನಿಂಬೆಹಣ್ಣೂ ಬೇಡ, ಈ ಎನ್‌ಜೈಮ್‌ಗಳಿಗೆ ಹುಳಿ ಆಗದು.

ಉಜ್ಜಿ, ಜಾಲಿಸಿ, ಒಣಗಿಸಿ.

ನಮ್ಮ ಕಡೆಯ ಥಂಡಿಗೆ ಪ್ಯಾಕೆಟ್ ಬಾಯಿ ತೆರೆದಿಟ್ಟರೆ ಪುಡಿ ಗಡ್ಡೆಕಟ್ಟುತ್ತದೆ. ಎನ್‌ಜೈಮ್ ಕಾಳುಗಳಿಗೆ ಹೊದಿಕೆ ಇದ್ದರೂ ತೇವ ತಾಗಿದರೆ ಶಕ್ತಿ ಇಳಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿಡಿ.

ರೇಷ್ಮೆ, ಉಣ್ಣೆಗೆ ಈ ಪುಡಿ ಮುಟ್ಟಿಸಬೇಡಿ. ಅವೂ ಪ್ರೋಟೀನೇ ಅಲ್ವಾ, ಬಟ್ಟೆಯನ್ನೇ ತಿನ್ನುತ್ತದೆ. ಅಡಿಕೆ ಚೊಗರಿನ ಕಲೆಗಂತೂ ಪ್ರೋಟಿಯೇಸ್ ಏನೂ ಮಾಡಲಾರದು. ಅಡಿಕೆ ಸುಲಿಯಲು ಕೂರುವಾಗ ಹಳೇ ಅಂಗಿ ಹಾಕಿಕೊಳ್ಳಿ.