ಫ್ಯಾಕ್ಟರಿ ಸಸ್ಪೆನ್ಷನ್ ಉಳಿಸಿಕೊಂಡೇ ಕುಲುಕಾಟ ಇಳಿಸಿದ ಬಗೆ

ವೇಗದ ಕಾರು ಗಡುಸಾಗಿ ಕುಲುಕಲು ಶುರುವಾದರೆ ಶಾಕ್ (ಕುಲುಕಾಟ ಹೀರುವ ಶಾಕ್ ಅಬ್ಸಾರ್ಬರ್) ಹೋಗಿದೆ ಎಂದು ತೀರ್ಮಾನಿಸಿ ಹೊರಗಿನ ಕಾಯಿಲ್‌ಓವರ್ ಕಿಟ್ (ಎತ್ತರ ಹೊಂದಿಸಬಹುದಾದ ಶಾಕ್, ಸ್ಪ್ರಿಂಗಿನ ಜೋಡಣೆ) ಹುಡುಕುವುದು ರೂಢಿ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಕಾರನ್ನು ಮೈಸೂರು, ಮಂಡ್ಯದ ರಸ್ತೆಗಳಿಗೆ ಸರಿಮಾಡುವಾಗ ನಾನು ಹಿಡಿದ ಕ್ರಮ ಅದಕ್ಕೆ ತಿರುವುಮುರುವು: ಮೊದಲು ಟೈರು, ಆಮೇಲೆ ಲಿಂಕು (ಸ್ಟೆಬಿಲೈಸರ್ ಕಂಬಿಯ ಕೊಂಡಿ), ಬುಷ್ಷು (ಕೀಲುಗಳ ರಬ್ಬರು), ಮೌಂಟಿಂಗ್ (ಶಾಕಿನ ತಲೆಯನ್ನು ಬಾಡಿಗೆ ಹಿಡಿಯುವ ಭಾಗ), ಕಡೆಗೆ ಶಾಕ್. ಕಂಪನಿ ಕೊಟ್ಟ ಸ್ಪ್ರಿಂಗನ್ನು ಮುಟ್ಟಲೇ ಇಲ್ಲ. ಕೊನೆಗೆ ಬಿಗಿತನವೂ ಉಳಿಯಿತು, ಬೆನ್ನಿಗೆ ಬಡಿಯುವುದೂ ನಿಂತಿತು.

ಈ ಕಾರು 2020ರಲ್ಲಿ ಭಾರತಕ್ಕೆ ಬಂದದ್ದು 200 ಮಾತ್ರ, 225/40 ಆರ್18 ಟೈರಿನ ಜೊತೆ. 225 ಮಿ.ಮೀ. ಅಗಲದ ನೂರಕ್ಕೆ 40 ಅಂದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ 90 ಮಿ.ಮೀ. ರಸ್ತೆಯ ಸಣ್ಣ ಉಬ್ಬು, ಜಲ್ಲಿಯ ಚೂಪು, ಮೇಲ್ಸೇತುವೆಯ ಜಾಯಿಂಟು, ಇವನ್ನೆಲ್ಲ ಮೊದಲು ನುಂಗಬೇಕಾದದ್ದು ಈ 90 ಮಿ.ಮೀ. ರಬ್ಬರು. ಶಾಕ್ ಕೆಲಸಕ್ಕೆ ಇಳಿಯುವುದು ಆಮೇಲೆ. 225/45 ಆರ್17ಕ್ಕೆ ಇಳಿದರೆ ಸೈಡ್‌ವಾಲ್ 101 ಮಿ.ಮೀ. ಆಗುತ್ತದೆ, ಟೈರಿನ ಒಟ್ಟು ವ್ಯಾಸ 637ರಿಂದ 634 ಮಿ.ಮೀ.ಗೆ ಬರುತ್ತದೆ. ವ್ಯಾಸದಲ್ಲಿ ಹೋದದ್ದು ಮೂರು ಮಿ.ಮೀ. ಕೂಡ ಇಲ್ಲ, ಸ್ಪೀಡೋಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ 11 ಮಿ.ಮೀ. ರಬ್ಬರು ಹೆಚ್ಚಾಯಿತು. ಇಡೀ ಕೆಲಸದಲ್ಲಿ ಒಂದೇ ಒಂದನ್ನು ಮಾಡಿ ಎಂದರೆ ಇದನ್ನೇ ಮಾಡಿ ಎನ್ನುತ್ತೇನೆ.

ರಿಮ್ ಕೊಳ್ಳುವಾಗ ತಪ್ಪುವುದು ಮೂರು ಕಡೆ. ಬೋಲ್ಟಿನ ವೃತ್ತ 5×112, ನಡುವಿನ ತೂತು 57.1 ಮಿ.ಮೀ. ಇರಬೇಕು, ತೂತು ದೊಡ್ಡದಿದ್ದರೆ ಅಳತೆಗೆ ಸರಿಯಾದ ರಿಂಗ್ ಹಾಕದೆ ಕೂರಿಸಬಾರದು, ಸ್ಟೀರಿಂಗ್ ನಡುಗುತ್ತದೆ. ಎರಡನೆಯದು ಬೋಲ್ಟಿನ ಕೂರುವ ಮುಖ. ಕಂಪನಿಯ ಬೋಲ್ಟಿನದು ಗೋಳದ ಆಕಾರ, ಹೊರಗಿನ ರಿಮ್‌ಗಳಲ್ಲಿ ಹೆಚ್ಚಿನವು ಶಂಕುವಿನ ಆಕಾರ. ಎರಡನ್ನೂ ಬೆರೆಸಿದರೆ ಟಾರ್ಕ್ ರೆಂಚ್ ಕಟಕ್ ಎಂದರೂ ಬೋಲ್ಟು ನಿಜವಾಗಿ ಕೂತಿರುವುದಿಲ್ಲ, ಓಡುತ್ತ ಓಡುತ್ತ ಸಡಿಲವಾಗುತ್ತದೆ. ಮೂರನೆಯದು ಬ್ರೇಕ್ ಕ್ಯಾಲಿಪರ್. ಟೈರ್ ಹಾಕಿಸುವ ಮುಂಚೆ ಬರಿಯ ರಿಮ್ಮನ್ನು ಮುಂದಿನ ಹಬ್‌ಗೆ ಕೂರಿಸಿ ಕೈಯಲ್ಲಿ ತಿರುಗಿಸಿ ನೋಡಿ, ಸುತ್ತ ಕನಿಷ್ಠ 3 ಮಿ.ಮೀ. ಸಂದು ಬೇಕು. ಟೈರಿನ ಲೋಡ್ ಇಂಡೆಕ್ಸ್ ಹಳೆಯದಕ್ಕಿಂತ ಕಡಿಮೆಯಾಗಬಾರದು: 92 ಎಂದರೆ ಒಂದು ಟೈರಿಗೆ 630 ಕಿಲೊ, 91 ಎಂದರೆ 615, 94 ಎಂದರೆ 670.

ಗಾಳಿಯ ಲೆಕ್ಕ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರಿನಲ್ಲಿದೆ. ಅದು ತಣ್ಣಗಿನ ಟೈರಿನ ಲೆಕ್ಕ. ಮದ್ದೂರಿನಿಂದ ಹೈವೇಯಲ್ಲಿ ಬಂದು ಮೈಸೂರಿನ ಬಂಕಿನಲ್ಲಿ ಅಳೆದರೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಜಾಸ್ತಿಯಾಯಿತೆಂದು ಅದನ್ನು ಇಳಿಸಿದರೆ ಮಾರನೆಯ ಬೆಳಿಗ್ಗೆ ಟೈರು ಮೆತ್ತಗಾಗಿರುತ್ತದೆ. ಮೆತ್ತಗಿನ ಸವಾರಿಗೆಂದು ಸ್ಟಿಕ್ಕರಿಗಿಂತ ಕಡಿಮೆ ಹಾಕುವುದೂ ಬೇಡ. 40 ಪ್ರೊಫೈಲಿನ ಟೈರು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಜಜ್ಜಿ, ಒಳಗಿನ ನೂಲು ಕಿತ್ತು, ಸೈಡ್‌ವಾಲ್ ಬುಗುಟೆ ಕಟ್ಟುತ್ತದೆ. ಬುಗುಟೆ ಒಳಮೈಯಲ್ಲೇ ಇರಬಹುದು, ಹೊರಗೆ ನಿಂತು ನೋಡಿದರೆ ಕಾಣುವುದಿಲ್ಲ.

ಇನ್ನು ಸದ್ದು. ಸಸ್ಪೆನ್ಷನ್ನಿನ ಒಂದೊಂದು ಭಾಗಕ್ಕೂ ಅದರದೇ ದನಿ ಇದೆ, ಕಿವಿಗೊಟ್ಟರೆ ಅರ್ಧ ಪತ್ತೆ ಅಲ್ಲೇ ಆಗುತ್ತದೆ. ಹಳ್ಳಿಯ ಕಿತ್ತ ಟಾರಿನ ಮೇಲೆ 20 ಕಿ.ಮೀ. ವೇಗದಲ್ಲಿ ಕಟಕಟ ಎಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಕಂಬಿಯ ಲಿಂಕ್. ಖಚಿತ ಮಾಡಿಕೊಳ್ಳಲು ಎರಡೂ ಬದಿಯ ಲಿಂಕಿನ ಒಂದು ತುದಿ ಬಿಚ್ಚಿ, ಕಂಬಿಗೂ ಬ್ರೇಕ್ ಹೋಸಿಗೂ ತಾಗದಂತೆ ಕಟ್ಟಿ, ಅದೇ ದಾರಿಯಲ್ಲಿ ನಿಧಾನವಾಗಿ ನೂರು ಮೀಟರ್ ಹೋದೆ, ಸದ್ದು ಮಾಯ. ಬ್ರೇಕ್ ಒತ್ತಿದಾಗ, ರಿವರ್ಸ್ ಹೊರಟಾಗ ಒಂದೇ ಒಂದು ದಡ್ ಕೇಳಿದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಹಿಂದಿನ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಕಿರ್ರೆಂದು ಸ್ಪ್ರಿಂಗ್ ಎಗರಿದಂತಾದರೆ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಸೇರಿದ ಮುಂದಿನ ಜೋಡಣೆ) ಮೇಲಿನ ಬೇರಿಂಗ್. ಉಬ್ಬು ಇಳಿದ ಮೇಲೆ ತಳ ಬಡಿದಂತಾದರೆ ಬಂಪ್ ಸ್ಟಾಪರ್ (ಶಾಕ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ದಿಂಬು) ಪುಡಿಯಾಗಿದೆ.

ಲಿಂಕು ಬೇಗ ಸಾಯುವುದಕ್ಕೆ ನಮ್ಮ ಓಡಿಸುವ ರೀತಿಯೂ ಕಾರಣ. ಹಂಪ್ ಬಂದರೆ ಅದರ ಅಂಚಿನಲ್ಲಿ, ಚರಂಡಿಯ ಪಕ್ಕದ ಸಂದಿಯಲ್ಲಿ ಒಂದು ಬದಿಯ ಚಕ್ರ ತೂರಿಸುವ ಅಭ್ಯಾಸ ಎಲ್ಲರಿಗೂ ಇದೆ. ಎಡ ಬಲ ಚಕ್ರಗಳು ಒಟ್ಟಿಗೆ ಏರಿಳಿದರೆ ಸ್ಟೆಬಿಲೈಸರ್ ಕಂಬಿ ಸುಮ್ಮನೆ ತಿರುಗುತ್ತದೆ. ಒಂದೇ ಬದಿ ಏರಿದಾಗ ಮಾತ್ರ ತಿರುಚಿಕೊಂಡು ಪೂರ್ತಿ ಭಾರವನ್ನು ಲಿಂಕಿನ ಗುಂಡಿನ ಮೇಲೆ ಹಾಕುತ್ತದೆ. ತಳ ತಾಗದಿದ್ದರೆ ಹಂಪನ್ನು ನೇರವಾಗಿ ದಾಟಿ. ಭಾರತೀಯ ರಸ್ತೆ ಕಾಂಗ್ರೆಸ್‌ನ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗಕ್ಕೆ. ಅಂಥದ್ದನ್ನು ಈ ಕಾರು ಆರಾಮವಾಗಿ ದಾಟುತ್ತದೆ. ಹಳ್ಳಿಯ ಮುಂದೆ ದಿಂಡಿನಂತೆ ಎದ್ದು ನಿಂತಿರುವುದು ಆ ಅಳತೆಯದ್ದಲ್ಲ, ಅಲ್ಲಿ ನಡೆಯುವ ವೇಗಕ್ಕೆ ಇಳಿಯಲೇಬೇಕು. ಗುಂಡಿಗೆ ಬೇರೆ ಸೂತ್ರ: ಅಂಚು ಬರುವ ಮುಂಚೆ ಬ್ರೇಕ್ ಬಿಡಬೇಕು. ಬ್ರೇಕ್ ಒತ್ತಿದ್ದರೆ ಮೂತಿ ತಗ್ಗಿ, ಮುಂದಿನ ಸ್ಪ್ರಿಂಗ್ ಆಗಲೇ ಅರ್ಧ ಕುಗ್ಗಿರುತ್ತದೆ. ಏಟು ತಿನ್ನಲು ಜಾಗವೇ ಉಳಿದಿರುವುದಿಲ್ಲ.

ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಕಡೆ ಟ್ರ್ಯಾಕ್ಟರ್ ಚಕ್ರಗಳು ಗದ್ದೆಯ ಕೆಸರನ್ನು ರಸ್ತೆಗೆ ತರುತ್ತವೆ. ಆ ಮಣ್ಣು ಶಾಕ್ ರಾಡಿನ ರಬ್ಬರ್ ಬೂಟು ಹರಿದಿದ್ದರೆ ಒಳಹೊಕ್ಕು, ಕ್ರೋಮ್ ಗೀಚಿ, ಆಯಿಲ್ ಸೀಲನ್ನು ತಿನ್ನುತ್ತದೆ. ಹುರುಳಿ ಒಕ್ಕಲು ರಸ್ತೆಗೆ ಹಾಸಿದ್ದರ ಮೇಲೆ ಹೋಗಿದ್ದರೆ ಮನೆಗೆ ಬಂದು ಬಗ್ಗಿ ನೋಡಿ: ಬಳ್ಳಿ ಡ್ರೈವ್ ಶಾಫ್ಟಿಗೆ ಸುತ್ತಿಕೊಂಡಿರುತ್ತದೆ, ಸೈಲೆನ್ಸರ್ ಬಳಿ ಸಿಕ್ಕಿದ್ದರೆ ಬೆಂಕಿಯ ಭಯವೂ ಇದೆ.

ಶಾಕ್ ಹೋಗಿದೆಯೇ ಎಂದು ಬಾನೆಟ್ ಒತ್ತಿ ನೋಡುವುದು ಇಂಥ ಕಾರಿನಲ್ಲಿ ಸಾಲದು. ಸ್ಪ್ರಿಂಗೇ ಬಿಗಿ, ಶಾಕ್ ಸತ್ತಿದ್ದರೂ ಕೈಯ ಒತ್ತಿಗೆ ಬಗ್ಗುವುದಿಲ್ಲ. ನಾನು ನಂಬುವುದು ಉಷ್ಣ ಅಳೆಯುವ ಇನ್‌ಫ್ರಾರೆಡ್ ಗನ್ನನ್ನು. ಕೆಟ್ಟ ರಸ್ತೆಯಲ್ಲಿ ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿದ ಕೂಡಲೇ ನಾಲ್ಕೂ ಶಾಕಿನ ಮೈಯನ್ನು, ಬ್ರೇಕಿನ ಕಾವು ತಾಗದ ಕಡೆ, ಅಳೆಯುವುದು. ಶಾಕ್ ಕುಲುಕಾಟವನ್ನು ಕಾವಾಗಿ ಬದಲಿಸುತ್ತದೆ, ಹಾಗಾಗಿ ತಣ್ಣಗಿರುವುದೇ ಕೆಲಸ ಬಿಟ್ಟಿದ್ದು. ಒಂದೇ ಆಕ್ಸಲಿನ ಎಡ ಬಲಗಳ ನಡುವೆ 10 ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಬಿಚ್ಚಿ ನೋಡುತ್ತೇನೆ. ಮೈಮೇಲೆ ತೆಳುವಾಗಿ ಎಣ್ಣೆ ಬೆವರಿದ್ದರೆ ಅದು ಸಹಜ. ಧಾರೆಯಾಗಿ ಕೆಳಗಿಳಿದಿದ್ದರೆ ಸೋರಿಕೆ. ಟೈರಿನ ಮೇಲೆ ಕೈಯಾಡಿಸಿದಾಗ ಅಲ್ಲಲ್ಲಿ ತಗ್ಗು ಸಿಕ್ಕರೂ ಶಾಕಿನ ಮೇಲೆ ಅನುಮಾನ ಪಡಬೇಕು.

ಬಿಡಿಭಾಗ ತರುವ ಮುಂಚೆ ಡಿಕ್ಕಿಯಲ್ಲಿ ಸ್ಟೆಪ್ನಿ ಜಾಗದ ಸ್ಟಿಕ್ಕರಿನ ಫೋಟೊ ತೆಗೆದುಕೊಂಡೆ. ಸಸ್ಪೆನ್ಷನ್ ಯಾವ ಬಗೆಯದು ಎಂಬ ಕೋಡ್ ಅದರಲ್ಲಿದೆ; ಅದೇ ಮಾದರಿಯ ಮಾಮೂಲಿ ಕಾರಿನ ಶಾಕ್ ಇದಕ್ಕೆ ಕೂತರೂ ಸ್ಪ್ರಿಂಗಿಗೆ ಹೊಂದುವುದಿಲ್ಲ. ಒಂದು ಆಕ್ಸಲಿಗೆ ತಂದದ್ದು: ಶಾಕ್ ಎರಡು, ಮೇಲಿನ ಮೌಂಟಿಂಗ್ ಎರಡು, ಬೇರಿಂಗ್ ಎರಡು, ಬಂಪ್ ಸ್ಟಾಪರ್ ಮತ್ತು ಬೂಟು ಎರಡೆರಡು, ಲಿಂಕ್ ಎರಡು, ಹೊಸ ನಟ್ಟು ಬೋಲ್ಟು. ಮೊದಲು ಟಾರ್ಕ್, ಆಮೇಲೆ ಇಷ್ಟು ಡಿಗ್ರಿ ಎಂದು ಬಿಗಿಮಾಡುವ ಬೋಲ್ಟು ಒಮ್ಮೆ ಹಿಗ್ಗುತ್ತದೆ, ಅದನ್ನು ಮತ್ತೆ ಹಾಕುವಂತಿಲ್ಲ.

ಜಾಕ್ ಕೊಡುವ ಮುಂಚೆ ಮಾಡಬೇಕಾದದ್ದು ಒಂದಿದೆ, ಹೆಚ್ಚಿನವರು ಬಿಡುವುದೂ ಅದನ್ನೇ. ಕಾರು ಸಮತಟ್ಟಾದ ನೆಲದ ಮೇಲೆ ನಿಂತಿರುವಾಗ ನಾಲ್ಕೂ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗಿನ ಎತ್ತರ ಅಳೆದು ಬರೆದಿಡಿ. ಎಡ ಬಲಕ್ಕೆ 10 ಮಿ.ಮೀ. ಮೀರಿ ವ್ಯತ್ಯಾಸವಿದ್ದರೆ ಸ್ಪ್ರಿಂಗಿನ ಕೆಳ ಸುತ್ತು ಮುರಿದಿದೆಯೇ ನೋಡಬೇಕು. ಈ ಅಳತೆ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಮುಂದಿನ ಸ್ಟ್ರಟ್ ಇಳಿಸಲು ವೈಪರ್ ತೋಳು ಮತ್ತು ಗಾಜಿನ ಕೆಳಗಿನ ಪ್ಲಾಸ್ಟಿಕ್ ಹಲಗೆ ತೆಗೆಯಬೇಕು, ಮೇಲಿನ ಮೂರು ಬೋಲ್ಟು ಅದರಡಿ ಇವೆ. ಎಬಿಎಸ್ ವೈರನ್ನೂ ಬ್ರೇಕ್ ಹೋಸನ್ನೂ ಕ್ಲಿಪ್ಪಿನಿಂದ ಬಿಡಿಸಿಕೊಂಡು, ಲೋವರ್ ಆರ್ಮಿಗೆ ಬಾಲ್ ಜಾಯಿಂಟ್ ಹಿಡಿದಿರುವ ಮೂರು ನಟ್ಟು ಬಿಚ್ಚಿದರೆ ನಕಲ್ (ಹಬ್ ಹಿಡಿದಿರುವ ಲೋಹದ ತುಂಡು) ಕೆಳಗಿಳಿಯುತ್ತದೆ. ಶಾಕಿನ ಮೈ ನಕಲ್ಲಿನ ಸೀಳಿನಲ್ಲಿ ಕೂತಿರುತ್ತದೆ. ಸೀಳಿಗೆ ಸ್ಪ್ರೆಡರ್ ಬಿಟ್ ತೂರಿಸಿ 90 ಡಿಗ್ರಿ ತಿರುಗಿಸಿದರೆ ಬಾಯಿ ಬಿಡುತ್ತದೆ. ಸುತ್ತಿಗೆ ಬೇಡ. ಡ್ರೈವ್ ಶಾಫ್ಟನ್ನು ಹೊರಕ್ಕೆ ಎಳೆದರೆ ಒಳ ಜಾಯಿಂಟ್ ಕಳಚುತ್ತದೆ. ಸ್ಪ್ರಿಂಗ್ ಅದುಮಲು ಗೋಡೆಗೆ ಅಥವಾ ಮೇಜಿಗೆ ಕಟ್ಟಿದ ಪ್ರೆಸ್ ಬಳಸಿ; ಎರಡು ಕೊಕ್ಕೆಯ ಅಗ್ಗದ ಸಾಧನ ಜಾರಿದರೆ ಸ್ಪ್ರಿಂಗ್ ಕೈಯನ್ನು ಮುರಿಯುವಷ್ಟು ಜೋರಾಗಿ ಸಿಡಿಯುತ್ತದೆ. ಹೊಸ ಶಾಕ್ ಡಬ್ಬದಲ್ಲಿ ಮಲಗಿರುತ್ತದೆ, ಒಳಗಿನ ಕೊಳವೆಗೆ ಗ್ಯಾಸ್ ಸೇರಿರಬಹುದು. ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಅದುಮಿ ಬಿಟ್ಟ ಮೇಲೆ ಜೋಡಿಸಿ. ಹಳೆಯದನ್ನು ಕತ್ತರಿಸಲು ಹೋಗಬೇಡಿ, ಒಳಗೆ ಒತ್ತಡ ಇದೆ.

ಹಿಂದೆ ಕೆಲಸ ಸಲೀಸು, ಶಾಕ್ ಬೇರೆ, ಸ್ಪ್ರಿಂಗ್ ಬೇರೆ. ಕೆಳ ಆರ್ಮಿಗೆ ಜಾಕ್ ಕೊಟ್ಟುಕೊಂಡು ಮೇಲಿನ ಎರಡು, ಕೆಳಗಿನ ಒಂದು ಬೋಲ್ಟು ಬಿಚ್ಚಿದರೆ ಶಾಕ್ ಕೈಗೆ ಬರುತ್ತದೆ.

ಈಗ ಬರೆದಿಟ್ಟ ಎತ್ತರ. ಬುಷ್ ಹಾದುಹೋಗುವ ಬೋಲ್ಟುಗಳನ್ನು ಚಕ್ರ ಜೋತಾಡುವಾಗ ಬಿಗಿಮಾಡಬಾರದು. ಬುಷ್ಷಿನ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡೇ ಇರುತ್ತದೆ. ಬೋಲ್ಟು ಬಿಗಿದಾಗ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ಅದರ ವಿಶ್ರಾಂತಿಯ ಕೋನ. ಜೋತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಗಳಿಗೆಯಿಂದ ರಬ್ಬರು ಹಗಲು ರಾತ್ರಿ ತಿರುಚಿಕೊಂಡೇ ಇರುತ್ತದೆ. ಸವಾರಿ ಗಡುಸಾಗುತ್ತದೆ, ಹೊಸ ಬುಷ್ ಕೆಲವೇ ತಿಂಗಳಲ್ಲಿ ಬಿರಿಯುತ್ತದೆ. ಹಾಗಾಗಿ ಜಾಕಿನಿಂದ ಹಬ್ಬನ್ನು ಬರೆದಿಟ್ಟ ಎತ್ತರಕ್ಕೆ ಏರಿಸಿ, ಆಗ ಕೊನೆಯ ಟಾರ್ಕ್ ಕೊಟ್ಟೆ. ಹೊಸ ಶಾಕ್ ಹಾಕಿದ ಮೇಲೂ ಗಡಸುತನ ಹೋಗಲಿಲ್ಲ ಎಂಬ ದೂರು ಬಂದಾಗೆಲ್ಲ ನಾನು ಮೊದಲು ಕೇಳುವುದು ಬೋಲ್ಟು ಬಿಗಿದದ್ದು ಯಾವ ಎತ್ತರದಲ್ಲಿ ಎಂದು.

ಕಾರನ್ನು ತಗ್ಗಿಸುವ ಸ್ಪ್ರಿಂಗ್ ಹಾಕದಿರಲು ಕಾರಣವೂ ಎತ್ತರದ್ದೇ ಲೆಕ್ಕ. ಕಾರು 30 ಮಿ.ಮೀ. ತಗ್ಗಿತೆಂದರೆ ಏಟು ತಿನ್ನುವ ಪ್ರಯಾಣದಲ್ಲೇ 30 ಮಿ.ಮೀ. ಹೋಯಿತು. ಆಮೇಲೆ ಸಾಧಾರಣ ಗುಂಡಿಗೂ ಬಂಪ್ ಸ್ಟಾಪರ್ ಬಡಿಯುತ್ತದೆ. ದುಬಾರಿ ಕಾಯಿಲ್‌ಓವರಿನಲ್ಲೂ ರಬ್ಬರಿನ ಬದಲು ಲೋಹದ ಗುಂಡಿನ ಮೌಂಟಿಂಗ್ ಇದ್ದರೆ ನಮ್ಮ ದೂಳಿಗೆ ಅದು ಬೇಗ ಸಡಿಲಗೊಂಡು ಕಟಗುಟ್ಟುತ್ತದೆ, ಎತ್ತರ ಹೊಂದಿಸುವ ತಿರುಪು ಕೆಸರು ಕಚ್ಚಿ ಹಿಡಿದುಕೊಳ್ಳುತ್ತದೆ. ಟ್ರ್ಯಾಕಿಗೆ ಅವು ಬೇಕು. ಮೇಲುಕೋಟೆಗೆ ಮನೆಯವರನ್ನು ಕರೆದುಕೊಂಡು ಹೋಗುವ ಕಾರಿಗೆ ಬೇಡ.

ಅಲೈನ್‌ಮೆಂಟನ್ನು ಕೆಲಸ ಮುಗಿದ ದಿನವೇ ಮಾಡಿಸಲಿಲ್ಲ. ಸ್ಪ್ರಿಂಗು, ಬುಷ್ಷು ತಮ್ಮ ಜಾಗದಲ್ಲಿ ಕೂರಲೆಂದು ಸುಮಾರು 100 ಕಿ.ಮೀ. ಓಡಿಸಿದೆ: ರಿಂಗ್ ರೋಡಿನ ನುಣುಪು, ಹೈವೇ ಪಕ್ಕದ ಸರ್ವಿಸ್ ರಸ್ತೆಯ ಹಂಪು, ಶ್ರೀರಂಗಪಟ್ಟಣದಾಚೆಯ ಹಳ್ಳಿದಾರಿ. ಆಮೇಲೆ ಹಿಂದಿನ ಚಕ್ರಗಳ ಟೋ (ಮೇಲಿನಿಂದ ನೋಡಿದಾಗಿನ ಓರೆ) ಮೊದಲು, ಮುಂದಿನದು ಆಮೇಲೆ ಹೊಂದಿಸಿದ್ದು. ಹಿಂದಿನವು ಓರೆಯಿದ್ದರೆ ಮುಂದೆ ಎಷ್ಟು ತಿದ್ದಿದರೂ ಸ್ಟೀರಿಂಗ್ ನೆಟ್ಟಗೆ ನಿಲ್ಲುವುದಿಲ್ಲ. ಚಕ್ರದ ಬೋಲ್ಟುಗಳನ್ನು 120 ನ್ಯೂಟನ್ ಮೀಟರಿಗೆ ಮತ್ತೊಮ್ಮೆ ನೋಡಿ, ನಾಲ್ಕು ಎತ್ತರಗಳನ್ನು ಮತ್ತೆ ಅಳೆದು, ಹಳೆಯ ಸಂಖ್ಯೆಗಳ ಪಕ್ಕದಲ್ಲಿ ದಿನಾಂಕದೊಂದಿಗೆ ಬರೆದಿಟ್ಟೆ.